ನಿರ್ಮಾಲ್ಯದ ಚೀಲದಲ್ಲಿ ಸಿಕ್ಕಿದ ಉತ್ತರ

ಹಿರಿಯರು, ತಾಯಂದಿರು ಓದುವ ಈ ಪುಟಗಳಿಗೆ ಇಂಥದ್ದನ್ನು ಬರೆಯಬಹುದೇ ಎಂದು ಎರಡು ವರ್ಷ ಹಿಂದೆಮುಂದೆ ನೋಡಿದ್ದೇನೆ. ಗಂಡಸಾದವನು ನಾಲ್ಕು ಜನರೆದುರು ಬಾಯಿಬಿಟ್ಟು ಹೇಳುವ ಸಂಗತಿಯಲ್ಲ ಇದು. ಈಗಲೂ ಕಿವಿ ಬಿಸಿಯಾಗುತ್ತಿದೆ. ಆದರೆ ಸ್ವಾಮಿ ಮಾಡಿದ ಉಪಕಾರವನ್ನು ನಾಚಿಕೆಗೆ ಹೆದರಿ ಮುಚ್ಚಿಟ್ಟರೆ ಉಂಡ ಮನೆಗೆ ಎರಡು ಬಗೆದ ಹಾಗಾಗುತ್ತದೆ. ಓದಿ ಬೇಸರವಾದರೆ ಭಕ್ತಬಂಧುಗಳು ಕ್ಷಮಿಸಬೇಕು.

ನಾನು ದೆಹಲಿಯಲ್ಲಿ ಕೇಂದ್ರ ಸರ್ಕಾರದ ಗುಮಾಸ್ತ. ಊರು ಚಿತ್ರದುರ್ಗದ ಕಡೆ, ಮನೆದೇವರು ನರಸಿಂಹ. ಹೆಂಡತಿ ಸುಧಾ ೨೦೦೧ರಲ್ಲಿ ಕಾಮಾಲೆಯಾಗಿ ತೀರಿಕೊಂಡಾಗ ನಮ್ಮ ಒಬ್ಬಳೇ ಮಗಳು ಪದ್ಮಜಾಗೆ ಎಂಟು ವರ್ಷ. ಅವಳಿಗೆ ಆಟಿಸಂ ಇದೆ. ಮಾತು ಕಡಿಮೆ, ಆಡಿದರೂ ಎರಡು ಮೂರು ಪದ. ಮುಖ ಕೊಟ್ಟು ನೋಡುವುದಿಲ್ಲ. ದಿನಚರಿ ಒಂದಿಷ್ಟು ಆಚೀಚೆಯಾದರೆ ಕಿರುಚಿ ಮನೆಯನ್ನು ಮೇಲುಕೆಳಗು ಮಾಡುತ್ತಾಳೆ. ತಾಯಿ ಸತ್ತ ಮೇಲೆ ತಂದೆ ಚಿಕ್ಕಪ್ಪ ಅನ್ನುತ್ತಾರೆ. ಆ ಗಾದೆ ಸುಳ್ಳು ಮಾಡುತ್ತೇನೆಂದು ಹಟ ಹಿಡಿದು ಎಣ್ಣೆ ಹಚ್ಚುವುದು, ಎರಡು ಜಡೆ ಹಾಕುವುದು, ತಲೆಗೆ ನೀರು ಹಾಕುವುದು ಎಲ್ಲ ಕಲಿತೆ. ಹದಿಮೂರರವರೆಗೆ ಹೇಗೋ ನಡೆಯಿತು.

೨೦೦೬ರಲ್ಲಿ ಒಂದು ಶನಿವಾರ ಸಂಜೆ ನಮ್ಮ ಕಾಲೋನಿಯ ಕಮಲಮ್ಮನವರ ಮನೆಯಲ್ಲಿ ಭಜನೆಯಿತ್ತು. ದೆಹಲಿಗೆ ಬಂದು ಮೂವತ್ತು ವರ್ಷವಾದ ಹಿರಿಯ ಹೆಂಗಸು ಅವರು. ಕನ್ನಡದವರು ಹತ್ತಿಪ್ಪತ್ತು ಮಂದಿ ಸೇರಿದ್ದೆವು. ಪದ್ಮಜಾ ಜಮಖಾನದ ಮೇಲೆ ಕೂತು ತಾಳಕ್ಕೆ ಸರಿಯಾಗಿ ಮೈ ತೂಗುತ್ತಿದ್ದಳು. ಮಂಗಳಾರತಿಗೆ ಎಲ್ಲರೂ ಎದ್ದಾಗ ಅವಳ ಹಳದಿ ಲಂಗದ ಹಿಂದೆ ರಕ್ತ, ಜಮಖಾನದ ಮೇಲೂ ರಕ್ತ. ನಾನು ಏನು ಮಾಡಿದೆ ಗೊತ್ತೇ? "ಅಯ್ಯೋ, ಏನೋ ಚುಚ್ಚಿದೆ! ಯಾರಾದ್ರೂ ಹತ್ತಿ ಕೊಡಿ!" ಎಂದು ತುಂಬಿದ ಸಭೆಯಲ್ಲಿ ಕೂಗಿದೆ.

ಗಂಡಸರು ಗೋಡೆ ನೋಡಿದರು. ಇಬ್ಬರು ಹೆಂಗಸರು ಸೆರಗು ಎಳೆದುಕೊಂಡು ಹಿಂದೆ ಸರಿದರು. ಯಾರೋ ದೇವರ ದೀಪವನ್ನೇ ಎತ್ತಿಕೊಂಡು ಒಳಗೆ ಹೋದರು. ಕಮಲಮ್ಮನವರು ನನ್ನ ಹತ್ತಿರ ಬಂದು ಮೆಲ್ಲಗೆ, "ರಾಯರೇ, ಗಾಯ ಅಲ್ಲ. ಮಗು ದೊಡ್ಡೋಳಾದ್ಲು" ಎಂದರು. ಭೂಮಿ ಬಾಯಿಬಿಟ್ಟಿದ್ದರೆ ಇಳಿದುಹೋಗುತ್ತಿದ್ದೆ. ನನ್ನ ಶಾಲನ್ನು ಅವಳ ಸೊಂಟಕ್ಕೆ ಸುತ್ತಿ, ಯಾರ ಮುಖವನ್ನೂ ನೋಡದೆ ಕರೆದುಕೊಂಡು ಬಂದೆ. ಆಮೇಲೆ ಭಜನೆಗೆ ಹೋಗುವುದನ್ನೇ ಬಿಟ್ಟೆ.

ಮುಂದಿನ ತಿಂಗಳುಗಳನ್ನು ಹೇಗೆ ಬರೆಯಲಿ! ಕೆಮಿಸ್ಟ್ ಅಂಗಡಿಯಲ್ಲಿ ಹೆಂಗಸರೆಲ್ಲ ಹೋಗುವವರೆಗೆ ನಿಂತು, "ಭಯ್ಯಾ, ವೋ... ಲೇಡೀಸ್ ವಾಲಾ" ಎನ್ನುತ್ತಿದ್ದೆ. ಅವನು ಪ್ಯಾಡಿನ ಪೊಟ್ಟಣವನ್ನು ಕಪ್ಪು ಚೀಲದಲ್ಲಿ ಹಾಕಿ ಕೊಡುತ್ತಿದ್ದ. ಪದ್ಮಜಾ ಅದನ್ನು ಮೈಮೇಲೆ ಇಟ್ಟುಕೊಳ್ಳಬೇಕಲ್ಲ? ಕಿತ್ತು ಎಸೆಯುತ್ತಿದ್ದಳು. ಸೋಫಾದ ಮೇಲೆ, ಹಾಸಿಗೆಯ ಮೇಲೆ, ಒಮ್ಮೆ ಬ್ಲೂಲೈನ್ ಬಸ್ಸಿನ ಸೀಟಿನ ಮೇಲೆ. ಹಿಂದಿನ ಸೀಟಿನ ಹೆಂಗಸು, "ಭಾಯಿಸಾಬ್, ಘರ್ ಮೇ ಕೋಯೀ ಔರತ್ ನಹೀಂ ಹೈ ಕ್ಯಾ?" ಎಂದು ಕೇಳಿದಳು. ಮನೆಯಲ್ಲಿ ಹೆಂಗಸೇ ಇಲ್ಲವೇ ಅಂತ. ನಡುದಾರಿಯಲ್ಲೇ ಇಳಿದುಬಿಟ್ಟೆ. ಅವಳ ವಿಶೇಷ ಶಾಲೆಯವರು ಆ ದಿನಗಳಲ್ಲಿ ಕಳಿಸಬೇಡಿ ಎಂದರು. ನನ್ನ ರಜೆಗಳೆಲ್ಲ ಅಲ್ಲಿಗೇ ಮುಗಿದವು. ಹದಿಮೂರು ವರ್ಷದ ಮಗಳನ್ನು ಶುಚಿ ಮಾಡುವಾಗ ನಾನು ಕಣ್ಣು ಮುಚ್ಚಿಕೊಳ್ಳುತ್ತಿದ್ದೆ, ಅವಳು ಕಿರುಚುತ್ತಿದ್ದಳು. ಸುಧಾಳ ಫೋಟೋವನ್ನು ಗೋಡೆಯ ಕಡೆ ತಿರುಗಿಸಿ ಇಟ್ಟಿದ್ದೆ.

ಮೈಸೂರಿನಿಂದ ನನ್ನ ಅಕ್ಕ ಬಂದಳು. ಪಾಪ, ಅವಳಿಗೆ ತಿಳಿದಂತೆ ಹೆಣಗಿದಳು. "ಕಾಗೆ ಮುಟ್ಟಿದೆ ಕಣೇ, ದೂರ ಕೂತ್ಕೋ" ಎಂದರೆ ಪದ್ಮಜಾ ಕಿಟಕಿಗೆ ಹೋಗಿ ಕಾಗೆ ಹುಡುಕಿದಳು. ಬಳಸಿದ್ದನ್ನು ಹೇಗೆ ತೆಗೆಯಬೇಕು, ಪೇಪರಿನಲ್ಲಿ ಹೇಗೆ ಸುತ್ತಬೇಕು, ಹೊಸದನ್ನು ಹೇಗೆ ಹಾಕಿಕೊಳ್ಳಬೇಕು ಎಂದು ಬಚ್ಚಲಲ್ಲಿ ದಿನಾ ತೋರಿಸಿದಳು. ಗೋಡೆಗೆ ಹೇಳಿದಂತಾಯಿತು. ಆ ದಿನಗಳಲ್ಲಿ ದೇವರಕೋಣೆಗೆ ಬಿಡಕೂಡದೆಂದು ಅಕ್ಕನ ಕಟ್ಟುನಿಟ್ಟು. ನನ್ನದೂ ಅದೇ ನಂಬಿಕೆ. ನಮ್ಮ ಕ್ವಾರ್ಟರ್ಸಿನ ಸ್ಟೋರ್ ರೂಮೇ ದೇವರಕೋಣೆ. ಬೆಳಿಗ್ಗೆ ಪೂಜೆಗೆ ಪದ್ಮಜಾ ನನ್ನ ಪಕ್ಕ ನಿಲ್ಲಲೇಬೇಕು. ಹಿಂದಿನ ದಿನದ ಹೂವು ತುಳಸಿ, ಅಂದರೆ ನಿರ್ಮಾಲ್ಯ, ಕಸದ ಜೊತೆ ಹೋಗಬಾರದಲ್ಲ. ನಾನು ತೆಗೆದುಕೊಟ್ಟರೆ ಅವಳು ಪೇಪರಿನಲ್ಲಿ ಮಡಿಸಿ, ನಾಲ್ಕೂ ಮೂಲೆ ಒಳಗೆ ಸೇರಿಸಿ ಪೊಟ್ಟಣ ಕಟ್ಟುತ್ತಿದ್ದಳು. ಅವಳ ಅಮ್ಮ ಕಲಿಸಿದ ಕೆಲಸ. "ಕಟ್ಟಾಯ್ತಾ? ಚೀಲಕ್ಕೆ ಹಾಕು" ಎಂದರೆ ಬಾಲ್ಕನಿಯ ಬಟ್ಟೆಚೀಲಕ್ಕೆ ಹಾಕಿ ಬರುವಳು. ಆಗಾಗ ಭಾನುವಾರ ಅದನ್ನು ನಾನು ಯಮುನೆಗೆ ಒಯ್ದು ಬಿಡುತ್ತಿದ್ದೆ. ಈ ಕೆಲಸ ತಪ್ಪಿಸಿ ಬಾಗಿಲು ಹಾಕಿದರೆ ಅವಳು ಬಾಗಿಲಿಗೆ ಹಣೆ ಚಚ್ಚಿಕೊಳ್ಳುತ್ತಿದ್ದಳು. ನಾನು ಒಳಗೆ ಅಷ್ಟೋತ್ತರ ಹೇಳುತ್ತಿದ್ದೆ, ಹೊರಗೆ ಆ ಸದ್ದು.

ಕೊನೆಗೆ ಅಕ್ಕ, "ನೋಡು, ಗರ್ಭಕೋಶ ತೆಗೆಸಿಬಿಡು. ಅವಳಿಗೇನು ಮದುವೆಯೇ, ಬಸಿರೇ? ನಿನಗೂ ನೆಮ್ಮದಿ" ಎಂದಳು. ಛೀ, ಎಂಥ ಮಾತು ಎಂದೆ. ಆದರೂ ಒಂದು ನರ್ಸಿಂಗ್ ಹೋಮಿಗೆ ಹೋಗಿ ವಿಚಾರಿಸಿದೆ. "ಕೆಲವು ಪೇರೆಂಟ್ಸ್ ಮಾಡಿಸ್ತಾರೆ. ಆಪ್ ಸೋಚ್ ಲೀಜಿಯೇ, ಚಿಕ್ಕ ಆಪರೇಷನ್ ಅಲ್ಲ" ಎಂದರು ಡಾಕ್ಟರಮ್ಮ. ಕನ್ನಡವೂ ಬರುತ್ತಿತ್ತು ಅವರಿಗೆ, ನಮ್ಮವರೇ. ಯೋಚಿಸುವುದು ಏನಿದೆ ಎಂದು ದಸರಾ ಕಳೆದ ಮೇಲೆ ದಿನ ಗೊತ್ತು ಮಾಡಿಸಿಬಿಟ್ಟೆ. ಅಕ್ಕ ಸಮಾಧಾನವಾಗಿ ಮೈಸೂರಿಗೆ ಹೊರಟಳು.

ಪೂಜೆಗೆ ಕೂತರೆ ಮಾತ್ರ ನರಸಿಂಹನ ಮುಖ ನೋಡಲಾಗುತ್ತಿರಲಿಲ್ಲ. ಅವಳ ಮೈಯಲ್ಲಿ ಒಂದು ರೋಗವಿಲ್ಲ, ನೋವಿಲ್ಲ. ನನಗೆ ನಾಚಿಕೆಯೆಂದು ಅವಳ ಹೊಟ್ಟೆ ಕೊಯ್ಯಿಸಲು ಹೊರಟಿದ್ದೆ. ಬೇಡಿಕೊಳ್ಳಲೂ ನಾಲಗೆ ಏಳದು. "ಸ್ವಾಮಿ, ಆ ವಿಷಯದಲ್ಲಿ ಒಂದು ದಾರಿ ತೋರಿಸು" ಎಂದೆ. ಸರ್ವಾಂತರ್ಯಾಮಿಯ ಹತ್ತಿರವೂ 'ಆ ವಿಷಯ'! ಒಂದು ದಿನ ಮಾತ್ರ ತಡೆಯಲಾರದೆ, "ಅವಳದನ್ನು ಅವಳೇ ನೋಡ್ಕೊಳ್ಳೋ ಹಾಗೆ ಮಾಡಪ್ಪ, ಅವಳಿಗೆ ಕತ್ತಿ ಮುಟ್ಟಿಸಬೇಡ" ಎಂದು ಅತ್ತೆ.

ಆ ತಿಂಗಳು ಅವಳ ದಿನ ಮುಂದಕ್ಕೆ ಹೋಯಿತು ಎಂದುಕೊಂಡೆ. ಶಾಲೆಗೆ ದಸರಾ ರಜೆ. ನಾನು ಆಫೀಸಿನಲ್ಲಿದ್ದಾಗ ಪಕ್ಕದ ಮನೆಯ ಭಾಬೀಜಿ ಅವಳನ್ನು ನೋಡಿಕೊಳ್ಳುತ್ತಿದ್ದರು. ಬಟ್ಟೆಯಲ್ಲಿ ಕಲೆಯಿಲ್ಲ, ಕಿರುಚಾಟವಿಲ್ಲ. ಒಳ್ಳೆಯದೇ ಆಯಿತೆಂದು ಸುಮ್ಮನಿದ್ದೆ.

ಆಪರೇಷನ್ನಿಗೆ ಮುಂಚಿನ ಭಾನುವಾರ ನಿರ್ಮಾಲ್ಯದ ಚೀಲ ಹಿಡಿದು, ಪದ್ಮಜಾಳನ್ನೂ ಕರೆದುಕೊಂಡು ಯಮುನೆಗೆ ಹೋದೆ. ಅಲ್ಲಿ ಜನ ಸೇತುವೆಯ ಮೇಲಿಂದ ಪಾಲಿಥೀನ್ ಸಮೇತ ಬಿಸಾಡುತ್ತಾರೆ. ನನಗೆ ಅದು ಆಗದು. ದಡಕ್ಕಿಳಿದು, ಪೊಟ್ಟಣ ಬಿಚ್ಚಿ, ಹೂವನ್ನಷ್ಟೇ ನೀರಿಗೆ ಬಿಟ್ಟು, ಕಾಗದ ವಾಪಸ್ ತರುತ್ತೇನೆ. ಒಂದು ಪೊಟ್ಟಣದಲ್ಲಿ ತುಳಸಿ, ಇನ್ನೊಂದರಲ್ಲಿ ಚೆಂಡುಹೂವು. ಮೂರನೆಯದನ್ನು ಬಿಚ್ಚಿದರೆ ಬಳಸಿದ ಪ್ಯಾಡು.

ಪಕ್ಕದಲ್ಲಿ ಗಂಗಾಜಲದಂತೆ ಆ ಕಪ್ಪು ನೀರನ್ನು ತಲೆಗೆ ಪ್ರೋಕ್ಷಿಸಿಕೊಳ್ಳುತ್ತಿದ್ದವನು ನೋಡಿಬಿಟ್ಟ. "ರಾಮ್ ರಾಮ್! ಪೂಜಾ ಕೇ ಸಾಮಾನ್ ಮೇ ಯೇ ಗಂದಗೀ?" ಎಂದು ಉಗಿದ. ಪೂಜೆಯ ಸಾಮಾನಿನಲ್ಲಿ ಹೊಲಸು ತಂದ ದರಿದ್ರ ನಾನು! ನನ್ನ ಸ್ವಾಮಿಯ ಪಾದದ ತುಳಸಿ, ಅದರ ಜೊತೆ ಇದು. ರಕ್ತ ನೆತ್ತಿಗೇರಿತು. ಜನ್ಮದಲ್ಲಿ ಅವಳ ಮೇಲೆ ಎತ್ತದ ಕೈ ಎತ್ತಿದೆ.

ಪದ್ಮಜಾ ಹೆದರಲಿಲ್ಲ. ನದಿ ನೋಡುತ್ತ, "ಕಟ್ಟಾಯ್ತು. ಚೀಲಕ್ಕೆ" ಎಂದಳು.

ಎತ್ತಿದ ಕೈ ಹಾಗೇ ನಿಂತಿತು. ಇದನ್ನು ಕಟ್ಟಿದವರು ಯಾರು? ನಾನಲ್ಲ. ಅಕ್ಕ ಹೋಗಿ ಮೂರು ವಾರವಾಗಿತ್ತು, ಭಾಬೀಜಿಗೆ ಈ ಚೀಲದ ವಿಷಯವೇ ಗೊತ್ತಿರಲಿಲ್ಲ. ಚೀಲಕ್ಕೆ ಕೈ ಹಾಕಿದೆ. ಅಂಥವೇ ಇನ್ನೂ ಹಲವು ಪೊಟ್ಟಣಗಳು. ಪ್ರತಿಯೊಂದರದ್ದೂ ನಾಲ್ಕು ಮೂಲೆ ಒಳಕ್ಕೆ, ಅಚ್ಚುಕಟ್ಟಾಗಿ. ದಿನ ಮುಂದಕ್ಕೆ ಹೋಗಿರಲಿಲ್ಲ. ಬಂದು, ನಡೆದು, ಮುಗಿಯುತ್ತ ಬಂದಿತ್ತು. ನನ್ನ ಮಗಳು ಬೀರುವಿನಿಂದ ಹೊಸದು ತೆಗೆದುಕೊಂಡು, ಹಳೆಯದನ್ನು ಸುತ್ತಿ, ಪೇಪರಿನಲ್ಲಿ ಸುತ್ತಿದ್ದು ಎಲ್ಲಿಗೆ ಹೋಗಬೇಕೋ ಅಲ್ಲಿಗೇ ಹಾಕಿದ್ದಳು. ಅಕ್ಕ ತೋರಿಸಿದ್ದು ಗೋಡೆಗೆ ಹೇಳಿದಂತಾಗಿರಲಿಲ್ಲ. ನಾನು ಬೇಡಿದ್ದು ಬೇಡಿದ ಹಾಗೇ ನಡೆದುಹೋಗಿತ್ತು. ಆ ವರವನ್ನೇ ಹೊಡೆಯಲು ನಾನು ಕೈ ಎತ್ತಿ ನಿಂತಿದ್ದೆ. ಆ ಕೊಳಕು ದಡದಲ್ಲಿ ಕುಸಿದು ಕೂತು ಅತ್ತೆ. ಆ ಮನುಷ್ಯ ಇವನಿಗೆ ತಲೆ ಕೆಟ್ಟಿದೆ ಎಂದುಕೊಂಡು ಹೋದ.

ಆಪರೇಷನ್ ಬೇಡವೆಂದು ಹೇಳಲು ಹೋದಾಗ ಡಾಕ್ಟರಮ್ಮ, "ಅಚ್ಛಾ! ತಾನೇ ಕಲಿತಳಾ?" ಎಂದು ಎದ್ದು ಬಂದು ಪದ್ಮಜಾಳ ಬೆನ್ನು ತಟ್ಟಿದರು. ಅವಳು ಎಂದಿನಂತೆ ಕೊಸರಿಕೊಂಡಳು. ಅಕ್ಕನಿಗೆ ಫೋನಿನಲ್ಲಿ ಹೇಳಿದೆ. "ಶಿವ ಶಿವಾ, ನಿರ್ಮಾಲ್ಯದ ಜೊತೆ! ಪುಣ್ಯಾಹ ಮಾಡಿಸೋ ಮೊದಲು" ಎಂದಳು. ಸುಳ್ಳೇಕೆ ಹೇಳಲಿ, ಮಾಡಿಸಿದೆ. ಹೆದರಿಕೆ ಒಂದೇ ದಿನಕ್ಕೆ ಹೋಗುವಂಥದ್ದಲ್ಲ. ಬಾಲ್ಕನಿಯಲ್ಲಿ ಇನ್ನೊಂದು ಚೀಲ ಕಟ್ಟಿ, ಇದು ಇಲ್ಲಿಗೆ, ಅದು ಅಲ್ಲಿಗೆ ಎಂದು ತೋರಿಸಿದೆ. ಎರಡೇ ದಿನದಲ್ಲಿ ಕಲಿತಳು.

ಕಮಲಮ್ಮನವರಿಗೆ ಹೇಳಲು ಇನ್ನಷ್ಟು ದಿನ ಬೇಕಾಯಿತು. ತಲೆ ತಗ್ಗಿಸಿ ಎಲ್ಲ ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಕಣ್ಣೊರೆಸಿಕೊಂಡು, "ಅದಿರ್ಲಿ ರಾಯರೇ, ಮಗೂಗೆ ಆರತಿ ಮಾಡಿದ್ರಾ?" ಎಂದರು. ಇಲ್ಲವೆಂದೆ. "ಅಲ್ರೀ, ಹೆಣ್ಣುಮಗು ದೊಡ್ಡೋಳಾದ್ರೆ ಆರತಿ ಮಾಡದೆ ಬಿಡ್ತಾರಾ? ತಾಯಿಯಿಲ್ಲ ಅಂತ ನಾವೂ ಇಲ್ವಾ? ನೀವು ಬಾಗಿಲು ಹಾಕ್ಕೊಂಡು ಕೂತ್ರೆ ನಾವೇನ್ಮಾಡೋಣ!" ಎಂದು ಚೆನ್ನಾಗಿ ಗದರಿಸಿದರು. ಮುಂದಿನ ಶುಕ್ರವಾರ ಎಳ್ಳುಬೆಲ್ಲ ಕುಟ್ಟಿದ ಚಿಗಳಿ ಮಾಡಿಕೊಂಡು ಬಂದರು. ಅಂದು ಸೆರಗು ಎಳೆದುಕೊಂಡಿದ್ದ ಇಬ್ಬರೂ ಜೊತೆಗಿದ್ದರು. ಅವರಿಗೂ ನಾಚಿಕೆಯಾಗಿತ್ತೆಂದು ಅವರ ಮುಖವೇ ಹೇಳುತ್ತಿತ್ತು. ಪದ್ಮಜಾ ಆರತಿಯ ಕಡೆ ನೋಡಲಿಲ್ಲ, ಚಿಗಳಿ ಮಾತ್ರ ಮೂರು ತಿಂದಳು. ನಾನು ಸುಧಾಳ ಫೋಟೋವನ್ನು ಈಚೆ ತಿರುಗಿಸಿದೆ.

ಭಕ್ತಬಂಧುಗಳೇ, ಇನ್ನು ಹೇಳುವುದು ಒಂದೇ ಉಳಿದಿದೆ. ಅದನ್ನು ಕೇಳಿ ನಿಮ್ಮಲ್ಲಿ ಕೆಲವರಿಗೆ ಕೋಪ ಬರಬಹುದು. ಮುಂದಿನ ತಿಂಗಳು ಆ ದಿನ ಬಂದಾಗ ಅವಳು ಸ್ನಾನ ಮಾಡಿ, ಶುಚಿಯಾಗಿ, ಪೇಪರು ಹಿಡಿದು ದೇವರಕೋಣೆಯ ಹೊಸ್ತಿಲಿಗೆ ಬಂದು ನಿಂತಳು. ಬಾಗಿಲಿನ ಮೇಲೆ ನನ್ನ ಕೈಯಿತ್ತು. ಮುಚ್ಚಲು ಆಗಲಿಲ್ಲ. ಅವಳು ಒಳಗೆ ಬಂದಳು, ನಾನು ಹೂವು ತೆಗೆದುಕೊಟ್ಟೆ. ಅಂದಿನಿಂದ ಹಾಗೆಯೇ ನಡೆದಿದೆ. ಇದು ಶಾಸ್ತ್ರವೋ ಅಲ್ಲವೋ ನನಗೆ ತಿಳಿಯದು, ಬಲ್ಲವರ ಹತ್ತಿರ ಕೇಳುವ ಧೈರ್ಯವೂ ಇಲ್ಲ. ನರಸಿಂಹನ ಹತ್ತಿರವೇ ಹೇಳಿದ್ದೇನೆ: ನಿನಗೆ ಒಪ್ಪಿಗೆಯಿಲ್ಲದಿದ್ದರೆ ನೀನೇ ಹೇಳಪ್ಪ, ನನ್ನ ಕೈಯಿಂದ ಮಾತ್ರ ಅವಳ ಮುಖಕ್ಕೆ ಬಾಗಿಲು ಹಾಕಿಸಬೇಡ. ಇವತ್ತಿನವರೆಗೆ ಅವನು ಏನೂ ಹೇಳಿಲ್ಲ.