ಹೊಡೆಯದೆ ಬಿಟ್ಟ ಎಸೆತ

2001ರಲ್ಲಿ ನಾನು ಚೆನ್ನೈನ ಒಂದು ಕಚೇರಿಯ ಬೇಸ್‌ಬಾಲ್ ತಂಡಕ್ಕೆ ಕೋಚ್ ಆಗಿದ್ದೆ. ರಾಯಪುರಂನ ವಿರೂಪಾಕ್ಷ ಅಲ್ಲಿ ತಾತ್ಕಾಲಿಕ ಗುಮಾಸ್ತ, ನಮ್ಮ ಬ್ಯಾಟ್ಸ್‌ಮನ್. ಕಳೆದ ತಿಂಗಳು ಅವನು ತೀರಿಕೊಂಡ. ಅಂದಿನಿಂದ ಆ ಮೈದಾನ, ಸಮುದ್ರದ ಕಡೆಯ ಮಬ್ಬು ಬೆಳಕು, ಕೆಂಪು ಧೂಳು ಕಣ್ಣೆದುರು ತೇಲುತ್ತಲೇ ಇವೆ.

ಬೇಸ್‌ಬಾಲ್‌ನಲ್ಲಿ ಹೊಡೆಯುವ ಜಾಗದಿಂದ ಆಚೆ ಬಂದ ಎಸೆತವನ್ನು ಬಿಟ್ಟರೆ ಅದು ‘ಬಾಲ್’. ನಾಲ್ಕು ಬಾಲ್ ಆದರೆ ಮೊದಲ ಬೇಸ್ ಪುಕ್ಕಟೆ. ಜಾಗದೊಳಗೆ ಬಂದದ್ದನ್ನು ಬಿಟ್ಟರೆ, ಇಲ್ಲವೇ ಬೀಸಿ ತಪ್ಪಿದರೆ ‘ಸ್ಟ್ರೈಕ್’. ಮೂರು ಸ್ಟ್ರೈಕ್ ಆದರೆ ಔಟ್. ವಿರೂಪಾಕ್ಷ ಬೀದಿ ಕ್ರಿಕೆಟ್‌ನಿಂದ ಬಂದವನು, ಸಿಕ್ಕಿದ್ದಕ್ಕೆಲ್ಲ ಬೀಸುತ್ತಿದ್ದ. ಬ್ಯಾಟ್ ಕಸಿದುಕೊಂಡು, ಬರೀ ನಿಂತು ಎಸೆತ ನೋಡಿ ಬಾಲೋ ಸ್ಟ್ರೈಕೋ ಹೇಳು ಎಂದೆ.

“ಕೈ ಕಟ್ಟಿ ನಿಲ್ಲೋದಾ ಸಾರ್? ನಮ್ಮ ಬೀದೀಲಿ ಚೆಂಡು ಬಿಟ್ಟವನಿಗೆ ನಾಳೆಯಿಂದ ಬ್ಯಾಟೇ ಕೊಡಲ್ಲ.”

“ಇಲ್ಲಿ ಹೊಡೆದವನಿಗೆ ಕೊಡಲ್ಲ. ನಿಂತ್ಕೋ.”

ಎರಡು ತಿಂಗಳು ಹಾಗೆಯೇ ನಿಂತ. ಕೊನೆಕೊನೆಗೆ ಎಸೆತ ಅರ್ಧ ದಾರಿಯಲ್ಲಿರುವಾಗಲೇ ಮೆಲ್ಲಗೆ “ಬಾಲ್” ಅನ್ನುತ್ತಿದ್ದ, ನಿದ್ದೆಯಲ್ಲಿ ಮಾತಾಡಿದ ಹಾಗೆ.

ಸೆಮಿಫೈನಲ್ ಗೆದ್ದರೆ ಅವನ ಕೆಲಸ ಖಾಯಂ ಮಾಡುವುದಾಗಿ ಮೇಲಧಿಕಾರಿ ಹೇಳಿದ್ದರು. ಕೊನೆಯ ಇನಿಂಗ್ಸ್‌, ಸ್ಕೋರ್ ಸಮ. ಮೂರೂ ಬೇಸ್‌ಗಳಲ್ಲಿ ನಮ್ಮವರು, ಇಬ್ಬರು ಔಟಾಗಿದ್ದರು. ವಿರೂಪಾಕ್ಷನಿಗೆ ಮೂರು ಬಾಲ್, ಎರಡು ಸ್ಟ್ರೈಕ್. ಇನ್ನೊಂದು ಬಾಲ್ ಆದರೆ ಇವನಿಗೆ ಮೊದಲ ಬೇಸ್, ಉಳಿದವರೆಲ್ಲ ಒಂದೊಂದು ಬೇಸ್ ಮುಂದೆ; ಮೂರನೇ ಬೇಸ್‌ನವನು ನಡೆದು ಬಂದು ರನ್, ನಾವು ಗೆದ್ದಂತೆ. ಶಾಮಿಯಾನದಲ್ಲಿ ಅಧಿಕಾರಿಗಳು ಕೂತಿದ್ದರು. ಇವನು ಬ್ಯಾಟ್ ಬೀಸದೆ ನಿಂತೇ ಔಟಾಗಿಬಿಟ್ಟರೆ ಎಂದು ನನಗೆ ತಡೆಯಲಾಗಲಿಲ್ಲ. ಟೋಪಿ ಮುಟ್ಟಿದೆ. ಏನೇ ಬರಲಿ ಹೊಡಿ ಎಂಬ ಸನ್ನೆ ಅದು. ಮೀರಿದವನನ್ನು ಮುಂದಿನ ಪಂದ್ಯದಲ್ಲಿ ಆಡಿಸದೆ ಹೊರಗೆ ಕೂರಿಸುವುದು ನನ್ನದೇ ನಿಯಮ.

ಎಸೆತ ಬಂತು. ಅವನ ಭುಜ ಕದಲಲಿಲ್ಲ. ಚೆಂಡು ನಿಧಾನವಾಗಿ, ಬಹಳ ನಿಧಾನವಾಗಿ ದಾಟಿ ಹೋದಂತೆ ಈಗಲೂ ಅನಿಸುತ್ತದೆ. ಅಂಪೈರ್ ಕೈ ಎತ್ತಲಿಲ್ಲ. “ಬಾಲ್.”

ಗೆದ್ದೆವು. ಅವನನ್ನು ಪಕ್ಕಕ್ಕೆ ಕರೆದೆ. “ಸನ್ನೆ ಕಾಣಲಿಲ್ಲವೇನೋ?”

“ಕಂಡಿತು ಸಾರ್. ಆದ್ರೆ ಚೆಂಡು ಒಂದು ಗೇಣು ಆಚೆ ಇತ್ತು.” ಆಮೇಲೆ, “ಫೈನಲ್‌ಗೆ ಹೊರಗೆ ಕೂರಿಸ್ತೀರಾ?” ಎಂದ.

ಕೂರಿಸಲಿಲ್ಲ. ಕೆಲಸ ಖಾಯಂ ಆಯಿತು.

ಮೊನ್ನೆ ಅವನ ಹೆಂಡತಿಗೆ ಇದನ್ನು ಹೇಳಿದೆ. “ಅಷ್ಟು ತಾಳ್ಮೆನಾ ಸಾರ್ ಅವರಿಗೆ? ಅನ್ನ ಬಡಿಸೋಷ್ಟರಲ್ಲಿ ಸಾರು ಕುಡಿದು ಮುಗಿಸ್ತಿದ್ರು” ಎಂದು ನಕ್ಕು, ಹಾಗೇ ಅತ್ತಳು.

ಕಲಿಸಿದ ಮೇಲೆ ಕಲಿತವನನ್ನು ನಂಬಬೇಕು. ಅದಕ್ಕೆ ಬೇಕಾದ ತಾಳ್ಮೆ ನನಗಿಲ್ಲವೆಂದು ತೋರಿಸಿಕೊಟ್ಟವನು ಅವನು. ನಿವೃತ್ತನಾಗುವವರೆಗೂ ಮತ್ತೆ ಯಾರಿಗೂ ನಾನು ಆ ಸನ್ನೆ ಮಾಡಲಿಲ್ಲ.