ಆಫೀಸ್ ಅಕ್ಕನ ಖಾಲಿ ಡಿಸ್ಕು

ಡಿಸ್ಕನ್ನು ಅವರು ಹಿಡಿಯುತ್ತಿದ್ದ ರೀತಿಯೇ ಬೇರೆ. ನಡುವಿನ ತೂತಿಗೆ ತೋರುಬೆರಳು ಸಿಕ್ಕಿಸಿ, ಹೆಬ್ಬೆರಳನ್ನು ಅಂಚಿಗೆ ಒತ್ತಿ, ಕಿಟಕಿಯ ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ನೋಡುತ್ತಿದ್ದರು. ಧೂಳು ಕಂಡರೆ ಸೆರಗಿನಿಂದ ಒರೆಸುವುದು. ಅದೂ ಸುತ್ತ ತಿರುಗಿಸಿ ಅಲ್ಲ, ನಡುವಿನಿಂದ ಅಂಚಿಗೆ ನೇರವಾಗಿ. ಇಪ್ಪತ್ತೈದು ವರ್ಷ ಟೈಪ್‌ರೈಟರ್ ಕುಟ್ಟಿ ಬೆರಳಿನ ತುದಿಗಳು ಚಪ್ಪಟೆಯಾಗಿದ್ದವು. ಉಗುರಿನ ಸಂದಿಯಲ್ಲಿ ರಿಬ್ಬನ್ನಿನ ಕಪ್ಪು. ಟೈಪ್‌ರೈಟರ್ ಗುಜರಿಗೆ ಹೋದ ಮೇಲೆ ಆ ಜಾಗಕ್ಕೆ ಪ್ರಿಂಟರಿನ ಶಾಯಿ ಬಂತು.

ನಾವುಂದದಿಂದ ಸ್ವಲ್ಪ ಒಳಗಿರುವ ನಮ್ಮ ಹೈಸ್ಕೂಲಿನಲ್ಲಿ ಅವರು ಗುಮಾಸ್ತೆ. ಹೆಡ್‌ಮಾಷ್ಟ್ರಿಂದ ಹಿಡಿದು ಎಂಟನೇ ಕ್ಲಾಸಿನ ಮಕ್ಕಳವರೆಗೆ ಎಲ್ಲರಿಗೂ ಅವರು ‘ಆಫೀಸ್ ಅಕ್ಕ’. ಬಿಜೂರಿನ ಮನೆಯಿಂದ ಬೆಳಿಗ್ಗೆ ಬಸ್ಸಿನಲ್ಲಿ ಬರುತ್ತಿದ್ದರು. ಓದಿದ್ದು ಹತ್ತನೇ ಕ್ಲಾಸು, ಅದರ ಮೇಲೆ ಟೈಪಿಂಗ್ ಪರೀಕ್ಷೆ. ಅಷ್ಟೇ. ಇಷ್ಟೇ ಓದಿದವರ ಎದುರು ನಾನು, ಗಣಿತದ ಮಾಷ್ಟ್ರು, ಬಿಎಸ್ಸಿ ಬಿಎಡ್, ಸಾಲದ್ದಕ್ಕೆ ಕುಂದಾಪುರದಲ್ಲಿ ಆರು ತಿಂಗಳ ಕಂಪ್ಯೂಟರ್ ಕೋರ್ಸು ಮುಗಿಸಿ ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ ಗೋಡೆಗೆ ನೇತು ಹಾಕಿದವನು, ಹೇಗೆ ಸೋತೆ ಎಂದು ಹೇಳುವುದಕ್ಕೇ ಇದನ್ನು ಬರೆಯುತ್ತಿರುವುದು. ಸೋತದ್ದನ್ನು ಹೇಳಲು ನನಗೆ ಒಂದಿಷ್ಟೂ ನಾಚಿಕೆಯಿಲ್ಲ, ಹೆಮ್ಮೆಯಿದೆ.

ಶಾಲೆಗೆ ಕಂಪ್ಯೂಟರ್ ಬಂದದ್ದು ಎರಡು ಸಾವಿರದ ನಾಲ್ಕರ ಸುಮಾರಿಗೆ. ತಂದು ಕೂರಿಸಿದವನು ಹೊರಡುವಾಗ ಹೇಳಿದ, “ಸೀಡಿ ಬರೆಯುಕೆ ಬೇರೆ ಸಾಫ್ಟ್‌ವೇರ್ ಹಾಕ್ಬೇಕ್. ಮುಂದಿನ ವಾರ ಬತ್ತೆ.” ಆ ಮುಂದಿನ ವಾರ ಮೂರು ವಾರವಾದರೂ ಬರಲಿಲ್ಲ. ನಾನು ಫೋನ್ ಮಾಡುತ್ತಲೇ ಇದ್ದೆ. ಅಕ್ಕ ಮಾತ್ರ ಮಧ್ಯಾಹ್ನ ಗಂಜಿ ಉಂಡು, ಡಬ್ಬಿ ತೊಳೆದಿಟ್ಟು, ಕಂಪ್ಯೂಟರಿನ ಎದುರು ಕೂತು ಎಫ್ ಒನ್ ಗುಂಡಿ ಒತ್ತುತ್ತಿದ್ದರು. ಅದನ್ನು ಒತ್ತಿದರೆ ಕಂಪ್ಯೂಟರಿನ ಒಳಗೇ ಇರುವ ಸಹಾಯದ ಪುಟಗಳು ತೆರೆದುಕೊಳ್ಳುತ್ತವೆ ಎಂದು ನನ್ನ ಕೋರ್ಸಿನಲ್ಲೂ ಹೇಳಿಕೊಟ್ಟಿದ್ದರು. ಆದರೆ ಅದನ್ನು ಒತ್ತಿ ಓದಿದ ಒಬ್ಬ ಮನುಷ್ಯನನ್ನು ಆವರೆಗೆ ನಾನು ಕಂಡಿರಲಿಲ್ಲ. ಅಕ್ಕ ಲೈಬ್ರರಿಯ ಇಂಗ್ಲಿಷ್ ಡಿಕ್ಷನರಿಯನ್ನು ತೊಡೆಯ ಮೇಲಿಟ್ಟುಕೊಂಡು ಒಂದೊಂದೇ ಸಾಲು ಓದಿದರು.

“ಅಕ್ಕ, ಅದನ್ನ್ ಓದಿ ಎಂತ ಸಿಕ್ಕುತ್ತ್ ನಿಮ್ಗೆ?” ಎಂದು ಒಂದು ದಿನ ಕೇಳಿದೆ.

“ಒಳ್ಗೆ ಎಂತ ಇತ್ತ್ ಅಂದ್ ಮೊದ್ಲ್ ಕಾಂಬ ಮಾಷ್ಟ್ರೇ. ಇಲ್ದಿದ್ರೆ ಮತ್ತೆ ಅಂಗ್ಡಿಗೆ ಹೋಪ” ಎಂದರು.

ಅಡುಗೆಮನೆಯ ಡಬ್ಬಿ ತೆರೆದು ನೋಡದೆ ಪೇಟೆಗೆ ಓಡುವ ಗಂಡಸರಿಗೆ ಹೇಳುವ ಧಾಟಿಯಲ್ಲೇ ಹೇಳಿದ್ದು. ನಾನು ನಕ್ಕೆ. ನಾಲ್ಕನೇ ದಿನ ಅವರು ನನ್ನನ್ನು ಕರೆದು, ಒಂದು ಡಿಸ್ಕ್ ಹಾಕಿ, ಯಾವ ಬೇರೆ ಸಾಫ್ಟ್‌ವೇರೂ ಇಲ್ಲದೆ ಶಾಲೆಯ ಪತ್ರಗಳನ್ನೆಲ್ಲ ಬರೆದು ತೋರಿಸಿದರು. ಸೀಡಿ ಬರೆಯುವ ಸೌಕರ್ಯ ಮೊದಲಿನಿಂದಲೂ ಒಳಗೇ ಇತ್ತು! ಪ್ರಿಂಟರಿನ ಶಾಯಿ ಗೀರು ಗೀರಾಗಿ ಬಂದರೆ ತೊಳೆಸುವುದು, ಪರೀಕ್ಷಾ ಪುಟ ತೆಗೆಯುವುದು, ಮೊದಲು ಬೆಸ ಪುಟ ಆಮೇಲೆ ಕಾಗದ ಮಗುಚಿ ಸಮ ಪುಟ ತೆಗೆದು ಕಾಗದ ಉಳಿಸುವುದು, ಎಲ್ಲವೂ ಒಳಗಿದ್ದದ್ದೇ. ಇವನ್ನೆಲ್ಲ ಅವರು ಒಂದು ಉದ್ದ ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲಿ ಬರೆದರು. ಅದಕ್ಕೆ ದಾರ ಕಟ್ಟಿ ಕಂಪ್ಯೂಟರ್ ಮೇಜಿನ ಕಾಲಿಗೆ ಕಟ್ಟಿದರು. ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಹೀಗಿತ್ತು: ‘ಪ್ರಿಂಟ್ ಬಾರದಿದ್ದರೆ ಮತ್ತೆ ಮತ್ತೆ ಒತ್ತಬಾರದು. ಮೂಲೆಯ ಪ್ರಿಂಟರ್ ಚಿತ್ರವನ್ನು ಎರಡು ಸಲ ಒತ್ತಿ, ಸಾಲಿನಲ್ಲಿ ಯಾರು ಮುಂದೆ ನಿಂತಿದ್ದಾರೆ ನೋಡಬೇಕು.’

ಆ ಸಾಲು ಬರೆಯಲು ಕಾರಣ ನಮ್ಮ ಹೆಡ್‌ಮಾಷ್ಟ್ರು. ವಾರ್ಷಿಕೋತ್ಸವದ ಆಮಂತ್ರಣ ಪ್ರಿಂಟಿಗೆ ಕೊಟ್ಟರು, ಬರಲಿಲ್ಲ. ಮತ್ತೆ ಕೊಟ್ಟರು. ಪ್ರಿಂಟರಿನಲ್ಲಿ ಕಾಗದ ಇರಲಿಲ್ಲ, ಅಷ್ಟೇ. ಅವರು ಸಿಟ್ಟಿನಲ್ಲಿ ಹದಿನಾಲ್ಕು ಸಲ ಒತ್ತಿ, ಕೊನೆಗೆ ಕಾಗದ ತುಂಬಿಸಿದ್ದೇ ತಡ, ಪ್ರಿಂಟರು ಒಂದೇ ಸಮನೆ ಕಕ್ಕತೊಡಗಿತು. ಹೆಡ್‌ಮಾಷ್ಟ್ರು “ನಿಲ್ಸಿ, ನಿಲ್ಸಿ!” ಎಂದು ಕೈ ಅಡ್ಡ ಹಿಡಿದರು. ನಾನು ವೈರು ಎಳೆಯಲು ಮೇಜಿನ ಅಡಿಗೆ ನುಗ್ಗಿದೆ. ಅಕ್ಕ ನಿಧಾನಕ್ಕೆ ಬಂದು ಮೂಲೆಯ ಚಿತ್ರ ಒತ್ತಿ, ಸಾಲು ತೆರೆದು, ಉಳಿದ ಹನ್ನೊಂದನ್ನೂ ಒಂದೇ ಏಟಿಗೆ ರದ್ದು ಮಾಡಿದರು. “ಹ್ವಾಯ್ ಮಾಷ್ಟ್ರೇ, ಹೊರ್ಗ್ ಬನ್ನಿ, ತಲೆ ತಾಗುತ್ತ್” ಎಂದು ನನಗೆ ಹೇಳಿದ್ದು ಇನ್ನೂ ಕಿವಿಯಲ್ಲಿದೆ. ಹೆಡ್‌ಮಾಷ್ಟ್ರು ಅಂದಿನಿಂದ ಪ್ರಿಂಟರಿನ ಹತ್ತಿರ ಸುಳಿಯಲಿಲ್ಲ. ನಾನು ಮಾತ್ರ ಬುದ್ಧಿ ಕಲಿಯಲಿಲ್ಲ.

ಡಿಸ್ಕ್ ಬರೆದ ಮೇಲೆ ಅಕ್ಕನದೊಂದು ಕ್ರಮವಿತ್ತು. ಬರೆದಾಯಿತು ಎಂದು ಕಂಪ್ಯೂಟರ್ ಹೇಳಿದರೂ ಅವರು ನಂಬುತ್ತಿರಲಿಲ್ಲ. ಡಿಸ್ಕನ್ನು ಹೊರಗೆ ತೆಗೆದು, ಬೆಳಕಿಗೆ ಹಿಡಿದು, ಮತ್ತೆ ಒಳಗೆ ಹಾಕಿ, ತೆರೆದು, ಮೊದಲನೆಯದು ಒಂದು, ನಡುವಿನದು ಒಂದು, ಕಡೆಯದು ಒಂದು ಓದಿ ನೋಡಬೇಕು. ಆಮೇಲೇ ಕವರು. ನನಗೆ ಇದು ಅಜ್ಜಿಯರು ಬಾಗಿಲ ಚಿಲಕವನ್ನು ಮೂರು ಸಲ ಎಳೆದು ನೋಡಿದಂತೆ ಕಾಣುತ್ತಿತ್ತು. ಹಾಗೆಂದು ಸ್ಟಾಫ್ ರೂಮಿನಲ್ಲಿ ಗೇಲಿಯನ್ನೂ ಮಾಡಿದ್ದೆ.

ಮರುವರ್ಷದ ಮಾತು. ಹತ್ತನೇ ಕ್ಲಾಸಿನ ಐವತ್ತೆಂಟು ಮಕ್ಕಳ ವಿವರ ಮತ್ತು ಫೋಟೋಗಳನ್ನು ಡಿಸ್ಕಿನಲ್ಲಿ ಬರೆದು, ಸಹಿ ಮಾಡಿದ ಪ್ರಿಂಟಿನ ಜೊತೆ ಸಂಜೆ ಐದರೊಳಗೆ ಕುಂದಾಪುರದ ಶಿಕ್ಷಣ ಇಲಾಖೆಯ ಕಚೇರಿಗೆ ಕೊಡಬೇಕಿತ್ತು. ಅದೇ ಕಡೆಯ ದಿನ. “ಇವತ್ತ್ ತಪ್ಪಿದ್ರೆ ಮಕ್ಳ ಹಾಲ್ ಟಿಕೆಟ್ ಬತ್ತಿಲ್ಲೆ. ಪರೀಕ್ಷೆಗೆ ಕೂರ್ತೊ ಇಲ್ಲೆಯೊ ಅಂಬುದೇ ಗೊತ್ತಿಲ್ಲೆ” ಎಂದು ಹೆಡ್‌ಮಾಷ್ಟ್ರು ಬೆಳಿಗ್ಗೆಯಿಂದ ಜಪ ಮಾಡುತ್ತಿದ್ದರು. ಅಕ್ಕ ಪ್ರಿಂಟುಗಳಿಗೆ ಸಹಿ ಹಾಕಿಸಲು ಅವರ ಕೋಣೆಗೆ ಹೋಗಿದ್ದಾಗ ನಾನು ಡಿಸ್ಕಿನ ಕೆಲಸಕ್ಕೆ ಕೂತೆ. ಕಡತಗಳನ್ನೆಲ್ಲ ಹಿಡಿದೆಳೆದು ಡಿಸ್ಕಿನ ಚಿತ್ರದ ಮೇಲೆ ಬಿಟ್ಟೆ. ತೆರೆದು ನೋಡಿದರೆ ಐವತ್ತೆಂಟೂ ಅಲ್ಲಿ ಸಾಲಾಗಿ ಕೂತಿದ್ದವು. ಬಣ್ಣ ಸ್ವಲ್ಪ ಮಾಸಲಾಗಿತ್ತು, ನಾನು ತಲೆಕೆಡಿಸಿಕೊಳ್ಳಲಿಲ್ಲ. ಡಿಸ್ಕ್ ತೆಗೆದು ಕವರಿಗೆ ಹಾಕಿ ಎದ್ದೆ.

ಅಕ್ಕ ಪ್ರಿಂಟು ತಂದುಕೊಟ್ಟು ಕೇಳಿದರು, “ತೆಗ್ದ್ ಮತ್ತೊಂದ್ಸಲ ಹಾಕಿ ಕಂಡ್ರ್ಯಾ ಮಾಷ್ಟ್ರೇ?”

“ಕಂಡಾಯ್ತ್ ಅಕ್ಕ. ನಾನ್ ಕೋರ್ಸ್ ಮಾಡ್ದವ ಅಲ್ದಾ?”

ಸುಳ್ಳು. ಶುದ್ಧ ಸುಳ್ಳು. ಅವರು ನನ್ನ ಮುಖವನ್ನೊಮ್ಮೆ ನೋಡಿದರು. ನಾನು ಬಸ್ಸು ಹತ್ತಿದೆ.

ಕಚೇರಿಯಲ್ಲಿ ಉದ್ದ ಸಾಲು. ನನ್ನ ಹಿಂದೆ ನಿಂತಿದ್ದ ಕೋಟ ಕಡೆಯ ಮಾಷ್ಟ್ರೊಬ್ಬರು ‘ಡಿಸ್ಕ್ ಬರೆಸಲು ಅಂಗಡಿಗೆ ಹೋಗಿದ್ದೆ’ ಎಂದದ್ದೇ ತಡ, ನಾನು ಅವರಿಗೆ ಅರ್ಧ ಗಂಟೆ ಪಾಠ ಮಾಡಿದೆ. ‘ಎಲ್ಲ ಒಳಗೇ ಇದೆ ಮರಾಯ್ರೆ’ ಎಂದು ಅಕ್ಕನ ಮಾತನ್ನೇ ನನ್ನದೆಂಬಂತೆ ಹೇಳಿದೆ. ನನ್ನ ಸರದಿ ಬಂದಾಗ ನಾಲ್ಕೂವರೆ ದಾಟಿತ್ತು. ಅಲ್ಲಿನ ಗುಮಾಸ್ತರು ಡಿಸ್ಕ್ ಹಾಕಿದರು. ನೋಡಿದರು. ತೆಗೆದು ಮತ್ತೆ ಹಾಕಿದರು.

“ಮಾಷ್ಟ್ರೇ, ಇದ್ರಲ್ಲಿ ಎಂತದೂ ಇಲ್ಲೆ.”

“ನಿಮ್ಮ ಕಂಪ್ಯೂಟರ್ ಸಮ ಇಲ್ಲೆ ಕಾಣತ್” ಎಂದೆ ನಾನು. ಗತ್ತು ಬಿಡಬೇಕಲ್ಲ! ಪಾಪ, ಅವರು ಪಕ್ಕದ ಮೇಜಿನ ಕಂಪ್ಯೂಟರಿಗೂ ಹಾಕಿ ನೋಡಿದರು. ಅಲ್ಲೂ ಖಾಲಿ. ಕೋಟದ ಮಾಷ್ಟ್ರು ಮುಖ ಆಚೆ ತಿರುಗಿಸಿಕೊಂಡರು. ಗಡಿಯಾರದಲ್ಲಿ ಇನ್ನು ಇಪ್ಪತ್ತು ನಿಮಿಷ, ಶಾಲೆಗೆ ಹೋಗಿ ಬರಲು ಎರಡು ಗಂಟೆ. ಹತ್ತನೇ ಕ್ಲಾಸಿನ ಪ್ರತಿ ಬೆಂಚಿನಲ್ಲಿ ಯಾರು ಯಾರು ಕೂರುತ್ತಾರೆ ಎಂಬುದೆಲ್ಲ ಕಣ್ಣ ಮುಂದೆ ಬಂತು. ಬೋಟಿಗೆ ಹೋಗುವ ಅಪ್ಪನ ಜೊತೆ ಜಗಳವಾಡಿ ಓದಲು ಬಂದವನೊಬ್ಬ, ಶಾಲೆಗೆ ಮೊದಲಿಗಳಾಗುತ್ತಾಳೆಂದು ನಾವೆಲ್ಲ ಕಾದಿದ್ದ ಹುಡುಗಿಯೊಬ್ಬಳು. ಅಳು ಬಂತು ಎಂದು ಹೇಳಿದರೆ ತಪ್ಪಿಲ್ಲ.

ಆಗ ಬಾಗಿಲಲ್ಲಿ ಆಫೀಸ್ ಅಕ್ಕ. ಹಣೆ ಕುತ್ತಿಗೆಯೆಲ್ಲ ಬೆವರು, ಕೈಯಲ್ಲಿ ಗಂಜಿಯ ಸ್ಟೀಲ್ ಡಬ್ಬಿ. ನೇರ ಮೇಜಿಗೆ ಬಂದು, ಮುಚ್ಚಳ ತೆಗೆದು, ಕರ್ಚೀಫಿನಲ್ಲಿ ಸುತ್ತಿದ ಡಿಸ್ಕನ್ನು ಬೆರಳಿಗೆ ಸಿಕ್ಕಿಸಿ ಎತ್ತಿದರು.

“ಬರ್ದದ್ದ್ ಇಲ್ಲಿತ್ತ್ ಕಾಣಿ. ಅದ್ ಖಾಲಿ ಡಿಸ್ಕ್, ನಾನೇ ಮಾಷ್ಟ್ರ ಹತ್ರ ಕೊಟ್ ಕಳ್ಸಿದ್ದ್. ನಿಮ್ಮಲ್ಲಿ ಯಾವ್ದಾರೂ ಹಾಳಾರೆ ಬರ್ಕಂಬುಕೆ ಬೇಕಾತ್ತ್ ಅಂದೇಳಿ.”

ಗುಮಾಸ್ತರು ಹಾಕಿದರು. ಮಕ್ಕಳ ಮುಖಗಳು ಒಂದಾದ ಮೇಲೊಂದು ಬಂದವು. ಐವತ್ತೆಂಟೂ. ಅವರು ರಸೀದಿಗೆ ಮೊಹರು ಒತ್ತಿ, “ನಮ್ಗ್ ಖಾಲಿ ಎಂತಕ್ ಅಕ್ಕ, ನೀವೇ ಇಟ್ಕಣಿ” ಎಂದು ನನ್ನ ಡಿಸ್ಕನ್ನು ತಿರುಗಿ ಕೊಟ್ಟರು. ಅಕ್ಕ ಅದನ್ನು ಡಬ್ಬಿಗೆ ಹಾಕಿಕೊಂಡರು. ಕೋಟದ ಮಾಷ್ಟ್ರು ನನ್ನನ್ನು ಮತ್ತೆ ಗೌರವದಿಂದ ನೋಡಿದರು. ಆ ಗೌರವ ನನಗೆ ಮೈಮೇಲೆ ಕೆಂಡ ಇಟ್ಟಂತಾಯಿತು.

ನಡೆದದ್ದು ಇಷ್ಟು. ನಾನು ಹೊರಟ ಮೇಲೆ ಕಂಪ್ಯೂಟರಿನ ಮೂಲೆಯಲ್ಲಿ ಸೂಚನೆಯ ಒಂದು ಗುಳ್ಳೆ ಎದ್ದಿತ್ತಂತೆ, ಡಿಸ್ಕಿಗೆ ಬರೆಯಬೇಕಾದ ಕಡತಗಳು ಇನ್ನೂ ಕಾಯುತ್ತಿವೆ ಎಂದು. ಅಂಥ ಗುಳ್ಳೆಗಳನ್ನು ನಾವೆಲ್ಲ ಓದದೆ ಮುಚ್ಚುವವರು. ಅಕ್ಕ ಓದಿದರು. ಹೊಸ ಡಿಸ್ಕಿಗೆ ಬರೆದು, ತಮ್ಮ ಕ್ರಮದಂತೆ ತೆಗೆದು ಹಾಕಿ ನೋಡಿ, ಹೆದ್ದಾರಿಗೆ ಓಡಿ, ನಮ್ಮಲ್ಲಿ ನಿಲ್ಲದ ಎಕ್ಸ್‌ಪ್ರೆಸ್ ಬಸ್ಸಿಗೆ ರಸ್ತೆಯ ನಡುವೆ ನಿಂತು ಕೈ ಅಡ್ಡ ಹಿಡಿದರು. ಇದನ್ನು ಆಮೇಲೆ ನನಗೆ ಹೇಳಿದವನು ಅದರ ಕಂಡಕ್ಟರು. “ಹ್ವಾಯ್, ಸಾಯುಕೆ ನಮ್ದೇ ಬಸ್ಸ್ ಬೇಕಿತ್ತಾ?” ಎಂದು ಡ್ರೈವರು ಕೂಗಿದನಂತೆ. ಅಕ್ಕ ಹತ್ತಿ ಕೂತು, “ಸಾಯುದ್ ಮತ್ತೆ ಕಾಂಬ, ಈಗ ಐದ್ ಗಂಟೆ ಒಳ್ಗೆ ಕುಂದಾಪ್ರ ಮುಟ್ಸಿ” ಎಂದರಂತೆ.

ತಿರುಗಿ ಬರುವಾಗ, ಮರವಂತೆ ದಾಟಿದ ಮೇಲೆ, ಅವರೇ ಹೇಳಿದರು, “ಅದ್ ಬರ್ದದ್ದಲ್ಲ ಮಾಷ್ಟ್ರೇ, ಬರೆಯುಕೆ ಕಾದ್ ಕೂತದ್ದ್. ಬಸ್‌ಸ್ಟ್ಯಾಂಡಲ್ಲಿ ನಿಂತ್ರೆ ಊರಿಗ್ ಮುಟ್ಟಿದಾಂಗ್ ಆತ್ತಾ?”

“ಅಕ್ಕ, ನಾಳೆ ಹೆಡ್‌ಮಾಷ್ಟ್ರಿಗೆ ಎಲ್ಲ ಹೇಳ್ತೆ.”

“ಎಂತಕ್ಕೆ? ಮಕ್ಳ ಕೆಲ್ಸ ಆಯ್ತಲೆ. ನಿಮ್ಗೂ ಗೊತ್ತಾಯ್ತ್. ಮತ್ತೆಂತ ಬೇಕ್?”

ನಾನು ಹೇಳಲಿಲ್ಲ. ಅವರೂ ಹೇಳಲಿಲ್ಲ. ಎಷ್ಟು ಗೇಲಿ ಮಾಡಿದ್ದೆ ನಾನು ಅವರನ್ನು, ತಿರುಗಿಸಿ ಹೇಳಲು ಎಷ್ಟು ಸಂದರ್ಭ ಇತ್ತು! ಒಂದು ದಿನವೂ ಆ ಮಾತು ಅವರ ಬಾಯಿಂದ ಬರಲಿಲ್ಲ. ನಾನು ಡಿಸ್ಕ್ ಬರೆದು ಏಳುವಾಗ ಮಾತ್ರ ಕನ್ನಡಕದ ಮೇಲಿನಿಂದ ಒಮ್ಮೆ ನೋಡುತ್ತಿದ್ದರು. ನಾನು ಮತ್ತೆ ಕೂತು, ಡಿಸ್ಕ್ ತೆಗೆದು, ಮತ್ತೆ ಹಾಕುತ್ತಿದ್ದೆ.

ಆರೇಳು ವರ್ಷ ಕಳೆದು ಅವರ ನಿವೃತ್ತಿಯ ದಿನ ಬಂತು. ಸಭೆಯಲ್ಲಿ ಎಲ್ಲರೂ ಶಾಲು, ಹಾರ, ಹೊಗಳಿಕೆ. ನನ್ನ ಸರದಿ ಬಂದಾಗ ನಾನು ಎಲ್ಲವನ್ನೂ ಹೇಳಿಬಿಟ್ಟೆ. ಸುಳ್ಳು ಹೇಳಿದ್ದು, ಖಾಲಿ ಡಿಸ್ಕು, ಗಂಜಿಯ ಡಬ್ಬಿ, ಬಸ್ಸು, ಯಾವುದನ್ನೂ ಬಿಡಲಿಲ್ಲ. ಮಕ್ಕಳು ಬಿದ್ದು ಬಿದ್ದು ನಕ್ಕರು. ಹೆಡ್‌ಮಾಷ್ಟ್ರು ಬಾಯಿ ಬಿಟ್ಟುಕೊಂಡು ಕೂತರು. “ಈ ಶಾಲೆಯಲ್ಲಿ ಕಂಪ್ಯೂಟರ್ ಕಲಿತವರು ಒಬ್ಬರೇ. ಉಳಿದವರು ಕೋರ್ಸ್ ಮಾಡಿದವರು” ಎಂದು ಹೇಳಿ ಮಾತು ಮುಗಿಸಿದೆ. ಅಕ್ಕ ಮೈಕಿನ ಹತ್ತಿರ ಹೋಗಲೇ ಇಲ್ಲ. ನನ್ನ ಕೈ ಹಿಡಿದು, “ಕೂಕಣಿ ಮಾಷ್ಟ್ರೇ” ಎಂದು ಪಕ್ಕದಲ್ಲಿ ಕೂರಿಸಿಕೊಂಡು, ಬ್ಯಾಗಿನಿಂದ ಒಂದು ಡಿಸ್ಕ್ ತೆಗೆದು ಕೊಟ್ಟರು.

“ಅದೇ ಡಿಸ್ಕ್. ಈಗ ಖಾಲಿ ಇಲ್ಲೆ. ಮನಿಗ್ ಹೋಯಿ ಹಾಕಿ ಕಾಣಿ.”

ಅಕ್ಕ ಈಗ ಇಲ್ಲ. ನಿವೃತ್ತಿಯಾದ ಆರನೇ ವರ್ಷ ತೀರಿಕೊಂಡರು. ಬಿಜೂರಿನ ಮನೆಯಂಗಳದಲ್ಲಿ ಅಂದು ಸೇರಿದ ಜನರಲ್ಲಿ ಅರ್ಧಕ್ಕರ್ಧ ನಮ್ಮ ಹಳೆಯ ವಿದ್ಯಾರ್ಥಿಗಳೇ. ದಾರ ಕಟ್ಟಿದ ನೋಟ್‌ಬುಕ್ಕು ಶಾಲೆಯಲ್ಲಿ ಇನ್ನೂ ಇದೆ. ಹೊಸ ಗುಮಾಸ್ತೆ ಅದಕ್ಕೆ ರಟ್ಟು ಹಾಕಿಸಿದ್ದಾರೆ.

ಆದರೆ ನಾನು ಹೇಳಬೇಕಾದದ್ದು ನಿವೃತ್ತಿಯ ದಿನದ ಆ ಸಂಜೆಯನ್ನು. ಮನೆಗೆ ಬಂದು ಚಾ ಕೂಡ ಕುಡಿಯದೆ ಡಿಸ್ಕ್ ಹಾಕಿದೆ. ನಾನು ಖಾಲಿ ಡಿಸ್ಕ್ ಒಯ್ದಿದ್ದ ವರ್ಷದ ಐವತ್ತೆಂಟು ಮಕ್ಕಳ ಫೋಟೋಗಳು. ಜೊತೆಗೊಂದು ಪಟ್ಟಿ, ಪ್ರತಿ ಹೆಸರಿನ ಎದುರು ಅವರು ಈಗ ಎಲ್ಲಿದ್ದಾರೆ ಎಂದು ಅಕ್ಕ ವಿಚಾರಿಸಿ ಬರೆದ ಒಂದೊಂದು ಸಾಲು. ‘ಮಣಿಪಾಲದಲ್ಲಿ ನರ್ಸು.’ ‘ಮುಂಬಯಿ ಹೋಟೆಲ್, ಕ್ಯಾಶಿಯರ್.’ ‘ಅಪ್ಪನ ಬೋಟು ಇವನೇ ನೋಡುತ್ತಾನೆ, ಡಿಗ್ರಿ ಮುಗಿಸಿದ್ದಾನೆ.’ ‘ಎಂಎಸ್ಸಿ ಓದುತ್ತಿದ್ದಾಳೆ.’ ಇಬ್ಬರ ಎದುರು ‘ಮೊದಲ ಸಲ ಫೇಲು, ಮರುಪರೀಕ್ಷೆಯಲ್ಲಿ ಪಾಸು’ ಎಂದಿತ್ತು. ಯಾರನ್ನೂ ಬಿಟ್ಟಿರಲಿಲ್ಲ.

ಐವತ್ತೆಂಟರಲ್ಲಿ ಪಟ್ಟಿ ಮುಗಿಯಬೇಕಿತ್ತು. ಐವತ್ತೊಂಬತ್ತನೆಯದಾಗಿ ನನ್ನ ಹೆಸರಿತ್ತು. ಎದುರಿಗೆ ‘ಪಾಸು’ ಎಂದು ಬರೆದಿದ್ದರು.

ನಾನು ಡಿಸ್ಕನ್ನು ತೆಗೆದೆ. ಕಿಟಕಿಯ ಬೆಳಕಿಗೆ ಹಿಡಿದೆ. ಮತ್ತೆ ಹಾಕಿ, ತೆರೆದು, ಕಡೆಯ ಸಾಲು ಓದಿದೆ. ಪಾಸು ಎಂದೇ ಇತ್ತು.