ಪಕ್ಕದ ಮನೆಯ ಬೆಚ್ಚನೆಯ ಬೇರು

ನನ್ನ ಬಾಣಂತನಕ್ಕೆಂದು ಧಾರವಾಡದಿಂದ ಲಂಡನ್ನಿನ ಪಿನ್ನರ್‌ಗೆ ಬಂದ ಅವ್ವ, ಎರಡನೇ ವಾರಕ್ಕೇ ವಾಪಸು ಹೋಗುತ್ತೇನೆಂದು ಗಂಟುಬಿದ್ದಳು. ತೊಂಬತ್ತರ ದಶಕದ ಕೊನೆಯ ಒಂದು ಚಳಿಗಾಲ ಅದು. ನಾಲ್ಕು ಗಂಟೆಗೇ ಕತ್ತಲು, ಬೀದಿಯಲ್ಲಿ ನರಪಿಳ್ಳೆ ಇಲ್ಲ.

"ಇಲ್ಲೆ ಮಾತಾಡ್ಲಿಕ್ಕೆ ಯಾರ ಅದಾರ? ಗ್ವಾಡಿ ಜೋಡಿ ಎಷ್ಟಂತ ಮಾತಾಡ್ಲಿ?" ಎನ್ನುತ್ತಿದ್ದಳು.

ಡಾಕ್ಟರಾದ ಗಂಡ ಆಸ್ಪತ್ರೆಯ ಡ್ಯೂಟಿಯಲ್ಲಿ ಮುಳುಗಿರುತ್ತಿದ್ದರು. ಮಗುವನ್ನು ಎತ್ತಿಕೊಳ್ಳಲೂ ನಾನು ಅವ್ವನನ್ನೇ ಕರೆಯುತ್ತಿದ್ದೆ. ಅವ್ವ ಹೋಗಿಬಿಟ್ಟರೆ ನನ್ನ ಗತಿಯೇನು ಎಂದು ನಿಜಕ್ಕೂ ಹೆದರಿದ್ದೆ.

ಹೊರಡುವ ಮಾತಾಡಿದರೂ ಬಾಣಂತನದ ಕಟ್ಟುಪಾಡಿನಲ್ಲಿ ಅವ್ವ ಒಂದಿಷ್ಟೂ ಸಡಿಲಬಿಡಲಿಲ್ಲ. ಸೆಂಟ್ರಲ್ ಹೀಟಿಂಗ್ ಉರಿಯುತ್ತಿದ್ದರೂ ನನ್ನ ಕಿವಿಗೆ ಹತ್ತಿ ತುರುಕಿ ಮೇಲೆ ಉಣ್ಣೆಯ ಸ್ಕಾರ್ಫ್ ಬಿಗಿಯುತ್ತಿದ್ದಳು. ಮಗುವಿನ ತೂಕ ನೋಡಲು ಬಂದ ನರ್ಸ್, ಕಿವಿನೋವೇ ಎಂದು ಕನಿಕರದಿಂದ ಕೇಳಿದಳು.

ಪಕ್ಕದ ಮನೆಯ ಅಜ್ಜಿ ಹಾಗೆ ಕೇಳಲಿಲ್ಲ. ಆಕೆಯೂ ಮಗಳ ಬಾಣಂತನಕ್ಕೇ ಹಾಂಗ್‌ಕಾಂಗ್‌ನಿಂದ ಬಂದವಳು. ಬೇಲಿಯಾಚೆಯಿಂದ ನನ್ನ ಸ್ಕಾರ್ಫ್ ನೋಡಿ ಮೆಚ್ಚಿ ತಲೆದೂಗಿದಳು. ಮರುದಿನವೇ ಒಂದು ಪೊಟ್ಟಣ ತಂದಳು. ಒಣಶುಂಠಿ, ಕೆಂಪು ಖರ್ಜೂರದಂಥ ಹಣ್ಣು, ಯಾವುದೋ ಹಳದಿ ಬೇರಿನ ಚೂರುಗಳು. ಅಂಗೈ ಉಜ್ಜಿ ಹೊಟ್ಟೆಯ ಮೇಲಿಟ್ಟು, ಮೈ ಬೆಚ್ಚಗಾಗುತ್ತದೆಂದು ಅಭಿನಯಿಸಿ ತೋರಿಸಿದಳು.

"ಉಷ್ಣದ್ದು," ಎಂದಳು ಅವ್ವ. ಅಷ್ಟು ದಿನಗಳಲ್ಲಿ ಮೊದಲ ಸಲ ಅವಳ ಮುಖ ಅರಳಿತ್ತು. ಪ್ರತಿಯಾಗಿ ಬಾಣಂತಿಗೆಂದು ತುಪ್ಪ ಸುರಿದು ಕಟ್ಟಿದ್ದ ಅಂಟಿನುಂಡಿಯನ್ನು ಡಬ್ಬಿ ತುಂಬ ಕೊಟ್ಟು ಕಳಿಸಿದಳು.

ರಾತ್ರಿ ಊಟಕ್ಕೆ ಕೂತಾಗ ಅವ್ವ ಆ ಬೇರಿನ ಪೊಟ್ಟಣ ತೋರಿಸಿ ಅಳಿಯನನ್ನು ಕೇಳಿದಳು, "ಇದರಿಂದ ರೋಗ ತಡಿಯೋ ಶಕ್ತಿ ಹೆಚ್ಚಾಗ್ತದೇನ್ರಿ?"

ನನ್ನ ಗಂಡ ಮೈಸೂರಿನವರು, ಇಲ್ಲ ಎನ್ನಲೂ ಹತ್ತು ಮಾತು ಬಳಸುವವರು. "ನೋಡಿ ಅತ್ತೆ, ಇಮ್ಯೂನ್ ಸಿಸ್ಟಮ್ ಅನ್ನೋದು ಒಲೆ ಅಲ್ಲ, ಸೌದೆ ಹಾಕಿದ ತಕ್ಷಣ ಉರಿಯೋಕೆ. ಲ್ಯಾಬಲ್ಲಿ ಇಂಥ ಕೆಲವು ಬೇರು ಬಿಳಿ ರಕ್ತಕಣಗಳನ್ನ ಸ್ವಲ್ಪ ಚುರುಕು ಮಾಡುತ್ತೆ ಅಂತಾರೆ. ಮನುಷ್ಯರಲ್ಲಿ ಅಷ್ಟು ಗಟ್ಟಿಯಾಗಿ ಗೊತ್ತಿಲ್ಲ. ಹಾಲು ಕುಡಿಸೋವಳಿಗಂತೂ ಸದ್ಯಕ್ಕೆ ಬೇಡ."

ಅವ್ವನ ಮುಖ ಇಳಿಯಿತು. ಕೊಟ್ಟದ್ದನ್ನು ಬಳಸದಿದ್ದರೆ ಆ ಅಜ್ಜಿ ಇನ್ನು ಇತ್ತ ತಲೆ ಹಾಕುವುದಿಲ್ಲವೆಂದು ಅವಳ ಲೆಕ್ಕಾಚಾರ. ಪೊಟ್ಟಣವನ್ನು ತನ್ನತ್ತ ಎಳೆದುಕೊಂಡು, "ಹಂಗಾದ್ರ ನಾ ಕುಡೀತೀನಿ. ನಾ ಯಾರಿಗೆ ಹಾಲು ಕುಡಸಬೇಕಾಗೇದ?" ಎಂದಳು.

ಅಂದಿನಿಂದ ಅವ್ವ ಬೇರು ಕುದಿಸಿ, ಬೆಲ್ಲ ಹಾಕಿ ಕುಡಿಯತೊಡಗಿದಳು. ಉಷ್ಣ ಏರೀತೆಂದು ಮೇಲೊಂದು ಲೋಟ ಮಜ್ಜಿಗೆ ಬೇರೆ. ಅದನ್ನು ಕಂಡ ಪಕ್ಕದ ಅಜ್ಜಿ ಹಣೆ ಚಚ್ಚಿಕೊಂಡಳು. ಅವ್ವ ಕನ್ನಡದಲ್ಲಿ ವಾದಿಸಿದಳು, ಅಜ್ಜಿ ತನ್ನ ಭಾಷೆಯಲ್ಲಿ. ಮಧ್ಯಾಹ್ನಗಳು ಕಳೆದದ್ದೇ ತಿಳಿಯುತ್ತಿರಲಿಲ್ಲ.

ಒಂದು ದಿನ ಅಜ್ಜಿಯ ಮಗಳು ಬೇಲಿಯ ಬಳಿ ಸಂಕೋಚದಿಂದ ನಿಂತಳು. ತುಪ್ಪ ಜಾಸ್ತಿಯೆಂದು ತಾನು ಉಂಡಿಯನ್ನು ಮುಟ್ಟಲಿಲ್ಲ, ಎಲ್ಲವನ್ನೂ ಅಮ್ಮನೇ ತಿಂದಳು ಎಂದಳು. ನಮ್ಮ ಮನೆಯ ಬೇರಿನ ಕಥೆ ಹೇಳಿದೆ. ಮಕ್ಕಳನ್ನು ಎತ್ತಿಕೊಂಡೇ ಇಬ್ಬರೂ ಬಿದ್ದು ಬಿದ್ದು ನಕ್ಕೆವು.

ಆ ಚಳಿಗಾಲ ಅವ್ವನಿಗೆ ಒಂದು ಸೀನೂ ಬರಲಿಲ್ಲ. ಒಬ್ಬರನ್ನು ನೋಡಿ ಏನೂ ಹೇಳಲಾಗದು ಎಂದರು ಗಂಡ.

ವಾಪಸು ಟಿಕೆಟ್ಟಿನ ದಿನ ಹತ್ತಿರ ಬಂದಾಗ, ನಾನು ಕೇಳಲು ಹೆದರುತ್ತಿದ್ದ ಮಾತನ್ನು ಅವ್ವನೇ ಎತ್ತಿದಳು. "ಆ ಟಿಕೆಟ್ ಒಂದೆರಡು ತಿಂಗಳು ಮುಂದ ಹಾಕಸಲಿಕ್ಕೆ ಬರ್ತದೇನು? ಆಕಿ ಕೊಟ್ಟ ಬೇರು ಇನ್ನೂ ಮುಗದಿಲ್ಲ."

ನನಗೆ ಅಳುವೇ ಬಂತು. ಮೂಗೊರೆಸಿಕೊಂಡೆ. ಅದನ್ನು ನೆಗಡಿಯೆಂದುಕೊಂಡ ಅವ್ವ ಎದ್ದು ಬಂದು, ನನ್ನ ಸ್ಕಾರ್ಫನ್ನು ಇನ್ನಷ್ಟು ಬಿಗಿದು ಕಟ್ಟಿದಳು.